ಅಗ್ಗದ ಬಾಟಲಿ, ಚುರುಕು ಹುಳಿ: ಮಸ್ಕಡೇ ವೈನ್ ಸವಿಯುವ ಬಗೆ

ಓದಲೆಂದೋ ಕೆಲಸಕ್ಕೆಂದೋ ಯುರೋಪಿಗೆ ಹೋದ ಕನ್ನಡಿಗರು ಅಲ್ಲಿನ ಸೂಪರ್‌ಮಾರ್ಕೆಟ್ಟಿನ ವೈನ್ ಸಾಲಿನ ಮುಂದೆ ಮೊದಲ ಸಲ ನಿಂತಾಗ ತಬ್ಬಿಬ್ಬಾಗುವುದು ಸಹಜ. ಗೋಡೆಯುದ್ದಕ್ಕೂ ಬಾಟಲಿಗಳು, ನಾಲಿಗೆ ಹೊರಳದ ಫ್ರೆಂಚ್ ಹೆಸರುಗಳು, ಐದು ಯೂರೋದಿಂದ ಐವತ್ತರವರೆಗೆ ಬೆಲೆಗಳು. ಸಂಜೆ ಸಹೋದ್ಯೋಗಿಯ ಮನೆಯಲ್ಲಿ ಊಟ, ಬರಿಗೈಲಿ ಹೋಗುವಂತಿಲ್ಲ, ಹಾಗಂತ ಜೇಬಿಗೂ ಭಾರವಾಗಬಾರದು. ಸಿಹಿ ಬೇಡ, ಬಿಳಿ ವೈನ್ ಇರಲಿ, ಬೆಲೆ ಹತ್ತು ಯೂರೋ ಒಳಗಿರಲಿ ಎಂದರೆ ಅಂಗಡಿಯವರು ತೋರಿಸುವ ಬಾಟಲಿಗಳಲ್ಲಿ ಮಸ್ಕಡೇ ಇದ್ದೇ ಇರುತ್ತದೆ.

ಇದನ್ನು ಕುಡಿದು, “ಇದೇನು, ಬರೀ ಹುಳಿ, ಪರಿಮಳವೇ ಇಲ್ಲವಲ್ಲ” ಎಂದು ಗ್ಲಾಸು ಕೆಳಗಿಟ್ಟವರೂ ಉಂಟು. ಅವರ ದೂರಿನಲ್ಲಿ ನಿಜವಿದೆ. ಮಸ್ಕಡೇಯಲ್ಲಿ ಮೂಗಿಗೆ ಸಿಗುವುದು ಕಡಿಮೆ, ಬಾಯಿಗೆ ಸಿಗುವುದು ಹೆಚ್ಚು. ಅದು ಹೇಗೆ, ಏಕೆ ಎಂದು ತಿಳಿಯಲು ಮೊದಲು ಕೆಲವು ಮೂಲ ಸಂಗತಿಗಳನ್ನು ನೋಡಬೇಕು.

ಬಿಳಿ, ಡ್ರೈ, ಕ್ರಿಸ್ಪ್: ಮೂರು ಮಾತುಗಳ ಅರ್ಥ

ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಲು ಬಿಟ್ಟರೆ ಕೆಂಪು ವೈನ್. ದ್ರಾಕ್ಷಿಯನ್ನು ಮೊದಲೇ ಹಿಂಡಿ, ಸಿಪ್ಪೆ ಬೇರೆ ಮಾಡಿ, ರಸವನ್ನಷ್ಟೇ ಹುದುಗಿಸಿದರೆ ಬಿಳಿ ವೈನ್. ಬಣ್ಣವೂ ಒಗರೂ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದರಿಂದ ಬಿಳಿ ವೈನ್‌ನಲ್ಲಿ ಅವೆರಡೂ ಕಡಿಮೆ.

ಹುದುಗು ಎಂದರೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಊಟ. ಅದು ರಸದಲ್ಲಿನ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಮುಗಿದಿದ್ದರೆ ಆ ವೈನ್ ‘ಡ್ರೈ’, ಅಂದರೆ ಸಿಹಿ ಉಳಿದಿಲ್ಲ. ಹಣ್ಣಿನ ಪರಿಮಳ ಇದ್ದ ಮಾತ್ರಕ್ಕೆ ವೈನ್ ಸಿಹಿ ಇರಬೇಕೆಂದೇನೂ ಇಲ್ಲ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ.

ಇನ್ನು ‘ಕ್ರಿಸ್ಪ್’. ಹುಳಿ ಎದ್ದು ಕಾಣುವ, ಬಾಯಿಗೆ ಹಗುರವಾದ, ನುಂಗಿದ ಮೇಲೆ ಬಾಯಿ ಶುಚಿಯಾದಂತೆ ಅನ್ನಿಸುವ ವೈನ್‌ಗೆ ಈ ಮಾತು ಬಳಸುತ್ತಾರೆ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನಲ್ಲಿರುವುದೂ ಇದೇ ಆಮ್ಲ. ಹುಣಸೆ ಬೀಳದ ಸಾರು ಹೇಗೆ ಸಪ್ಪೆಯಾಗಿ ಕೂತುಬಿಡುತ್ತದೋ, ಹುಳಿ ಸಾಲದ ಬಿಳಿ ವೈನ್ ಕೂಡ ಹಾಗೆಯೇ: ಉಳಿದದ್ದೆಲ್ಲ ಇದ್ದರೂ ಎದ್ದು ನಿಲ್ಲುವುದಿಲ್ಲ. ಹುಳಿಯೇ ಉಳಿದ ರುಚಿಗಳನ್ನು ಎತ್ತಿ ಹಿಡಿಯುವುದು.

ದ್ರಾಕ್ಷಿಯ ಇನ್ನೊಂದು ಆಮ್ಲ ಮ್ಯಾಲಿಕ್. ಹಸಿರು ಸೇಬಿನ ಹುಳಿ ಇದರದ್ದು. ಹಣ್ಣು ಬಳ್ಳಿಯಲ್ಲಿ ಮಾಗುತ್ತ ಹೋದಂತೆ ಸಕ್ಕರೆ ಏರುತ್ತದೆ, ಮ್ಯಾಲಿಕ್ ಆಮ್ಲ ಕರಗುತ್ತದೆ. ಸೆಕೆ ಹೆಚ್ಚಿದ್ದಷ್ಟೂ ಅದು ಕರಗುವ ವೇಗ ಹೆಚ್ಚು. ಹೀಗಾಗಿ ತಂಪು ಸೀಮೆಯ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ, ಬಿಸಿಲು ಸೀಮೆಯದರಲ್ಲಿ ಕಳೆಯುತ್ತದೆ. ಹಲವು ಬಿಳಿ ವೈನ್‌ಗಳಲ್ಲಿ ಬ್ಯಾಕ್ಟೀರಿಯಾಗಳು ಈ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಲು ಬಿಡುತ್ತಾರೆ. ಆಗ ಹುಳಿ ಮೆತ್ತಗಾಗಿ ಬೆಣ್ಣೆಯ ವಾಸನೆ ಬರುತ್ತದೆ. ಮಸ್ಕಡೇ ಮಾಡುವವರು ಸಾಮಾನ್ಯವಾಗಿ ಇದಕ್ಕೆ ಎಡೆ ಕೊಡುವುದಿಲ್ಲ.

ನದಿ ಕಡಲು ಸೇರುವಲ್ಲಿ

ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್. ಸುಮಾರು ಸಾವಿರ ಕಿಲೋಮೀಟರ್ ಹರಿದು ಅದು ಅಟ್ಲಾಂಟಿಕ್ ಸೇರುವ ಮುನ್ನ ಸಿಗುವ ದೊಡ್ಡ ಊರು ನಾಂತ್. ಮಸ್ಕಡೇ ಬೆಳೆಯುವುದು ಆ ಊರಿನ ಸುತ್ತಮುತ್ತ, ಹೆಚ್ಚಿನ ಪಾಲು ಅದರ ಆಗ್ನೇಯಕ್ಕೆ. ಕಡಲು ಹತ್ತಿರ ಇರುವುದರಿಂದ ಬೇಸಿಗೆಯೂ ವಿಪರೀತವಿಲ್ಲ, ಗಾಳಿಯಲ್ಲಿ ಸದಾ ತೇವ.

ದ್ರಾಕ್ಷಿಯ ಹೆಸರು ಮೆಲೋನ್ ದ ಬೂರ್ಗೋನ್. ಹೆಸರಿನಲ್ಲಿ ಬೂರ್ಗೋನ್, ಅಂದರೆ ಬರ್ಗಂಡಿ ಸೀಮೆ ಇದ್ದರೂ ಅಲ್ಲಿ ಈಗ ಅದು ಕಾಣಸಿಗುವುದೇ ಅಪರೂಪ. ಡಿಎನ್‌ಎ ಪರೀಕ್ಷೆಯಿಂದ ಗೊತ್ತಾದದ್ದು: ಪಿನೋ ಮತ್ತು ಗುಎ ಬ್ಲಾಂ ಎಂಬ ಎರಡು ಹಳೆಯ ತಳಿಗಳ ಕೂಸು ಇದು. ಜಗತ್ತಿನಲ್ಲೆಲ್ಲ ಹೆಸರು ಮಾಡಿದ ಶಾರ್ಡೊನೆಗೂ ಅವೇ ತಂದೆ ತಾಯಿ. ಒಡಹುಟ್ಟಿದವರಲ್ಲಿ ಒಬ್ಬರು ಜಗತ್ತು ಸುತ್ತಿದರು, ಇನ್ನೊಬ್ಬರು ನಾಂತ್ ಬಿಟ್ಟು ಕದಲಲಿಲ್ಲ.

ಮಸ್ಕಡೇ ಎಂಬುದು ವೈನ್‌ನ ಹೆಸರು, ದ್ರಾಕ್ಷಿಯದಲ್ಲ. ಮಸ್ಕಟ್ ಅಥವಾ ಮೊಸ್ಕಾಟೊ ಎಂಬ ಘಮಘಮಿಸುವ, ಹಲವು ಸಲ ಸಿಹಿಯೂ ಆಗಿರುವ ವೈನ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೊಂಡವರಿಗೆ ಮೊದಲ ಗುಟುಕಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಈ ದ್ರಾಕ್ಷಿ ಇಲ್ಲಿ ತಳವೂರಲು ಕಾರಣ ಒಂದು ಚಳಿಗಾಲ ಮತ್ತು ಡಚ್ ವ್ಯಾಪಾರಿಗಳು. 17ನೇ ಶತಮಾನದಲ್ಲಿ ಡಚ್ಚರು ಈ ಭಾಗದಿಂದ ಬಿಳಿ ವೈನ್ ಕೊಂಡು, ಅದನ್ನು ಭಟ್ಟಿ ಇಳಿಸಿ ಬ್ರಾಂದಿ ಮಾಡುತ್ತಿದ್ದರು, ಹೀಗಾಗಿ ಬಿಳಿ ದ್ರಾಕ್ಷಿಗೆ ಬೇಡಿಕೆ ಇತ್ತು. ಆಮೇಲೆ 1709ರ ಚಳಿಗಾಲ ಬಂತು. ಯುರೋಪನ್ನೇ ನಡುಗಿಸಿದ ಆ ಚಳಿಗೆ ನಾಂತ್ ಸುತ್ತಲಿನ ಬಳ್ಳಿಗಳು ಸತ್ತುಹೋದವು. ಮರಳಿ ನೆಡುವಾಗ ಚಳಿ ತಾಳಬಲ್ಲ, ಬೇಗ ಮಾಗುವ ಮೆಲೋನ್‌ಗೆ ರೈತರು ಮನಸ್ಸು ಮಾಡಿದರು.

ಗಸಿಯ ಮೇಲೆ ಕಳೆವ ಚಳಿಗಾಲ

ಮಸ್ಕಡೇ ಬಾಟಲಿಯ ಮೇಲೆ ‘ಸ್ಯುರ್ ಲೀ’ ಎಂಬ ಎರಡು ಪದಗಳು ಮೇಲಿಂದ ಮೇಲೆ ಕಾಣುತ್ತವೆ. ‘ಗಸಿಯ ಮೇಲೆ’ ಎಂದು ಅರ್ಥ. ಈ ವೈನ್‌ನ ಗುಟ್ಟೆಲ್ಲ ಇರುವುದು ಇಲ್ಲಿ.

ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸಾಯುತ್ತದೆ. ಸತ್ತ ಕಣಗಳು ತೊಟ್ಟಿಯ ತಳಕ್ಕೆ ಇಳಿದು ಕೆನೆಬಣ್ಣದ ಗಸಿಯಾಗಿ ಕೂರುತ್ತವೆ. ಬಹಳಷ್ಟು ವೈನ್‌ಗಳಲ್ಲಿ ತಿಳಿಯನ್ನು ಬೇರೆ ತೊಟ್ಟಿಗೆ ಬಗ್ಗಿಸಿ ಗಸಿಯನ್ನು ಬಿಟ್ಟುಬಿಡುತ್ತಾರೆ. ನಾಂತ್ ಸೀಮೆಯಲ್ಲಿ ಹಾಗೆ ಮಾಡದೆ, ಚಳಿಗಾಲ ಪೂರ್ತಿ ವೈನನ್ನು ಆ ಗಸಿಯ ಮೇಲೆಯೇ ಬಿಟ್ಟು, ವಸಂತ ಬಂದ ಮೇಲೆ ನೇರವಾಗಿ ಬಾಟಲಿಗೆ ತುಂಬುತ್ತಾರೆ. ಮಾರ್ಚ್‌ಗಿಂತ ಮುಂಚೆ ತುಂಬಿದರೆ ‘ಸ್ಯುರ್ ಲೀ’ ಎಂದು ಬರೆಯಲು ನಿಯಮ ಬಿಡುವುದಿಲ್ಲ. ಮದುವೆಯಂಥ ಸಮಾರಂಭಕ್ಕೆಂದು ಮನೆಯಲ್ಲಿ ಎತ್ತಿಟ್ಟ ಪೀಪಾಯಿಯ ವೈನ್ ಉಳಿದದ್ದಕ್ಕಿಂತ ರುಚಿಯಾಗಿರುವುದನ್ನು ಕಂಡು ಈ ಪದ್ಧತಿ ಹುಟ್ಟಿತು ಎಂಬ ಮಾತು ಅಲ್ಲಿದೆ.

ಗಸಿಯಿಂದ ಆಗುವುದೇನು? ಸತ್ತ ಯೀಸ್ಟಿನ ಕೋಶಗಳು ನಿಧಾನವಾಗಿ ಒಡೆದು, ಅವುಗಳ ಗೋಡೆಯಲ್ಲಿನ ಪ್ರೋಟೀನ್ ಮತ್ತು ಸಕ್ಕರೆ ಜೋಡಿಯ ಅಣುಗಳು ವೈನ್‌ಗೆ ಸೇರುತ್ತವೆ. ಅವು ಸಿಹಿ ಕೊಡುವುದಿಲ್ಲ, ಮೈ ಕೊಡುತ್ತವೆ. ಇಲ್ಲದಿದ್ದರೆ ತೆಳುವಾಗಿ, ಚೂಪಾಗಿ ಇರುತ್ತಿದ್ದ ವೈನ್‌ಗೆ ನಡುವೆ ಒಂದಿಷ್ಟು ನುಣುಪು ಬರುತ್ತದೆ. ಹಸಿ ಬ್ರೆಡ್ಡಿನ ಹಿಟ್ಟಿನಂಥ ಸಣ್ಣ ವಾಸನೆಯೂ ಬರುತ್ತದೆ. ಗಸಿ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ವೈನ್ ಬೇಗ ಹಳಸುವುದಿಲ್ಲ. ತೊಟ್ಟಿಯಿಂದ ತೊಟ್ಟಿಗೆ ಬಗ್ಗಿಸದೇ ಇರುವುದರಿಂದ ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಕೊಂಚ ಒಳಗೇ ಉಳಿದು, ಕುಡಿಯುವಾಗ ನಾಲಿಗೆಯ ತುದಿಗೆ ಚುರ್ ಎನ್ನುತ್ತದೆ.

ಮಸ್ಕಡೇ ಇಳಿಸಿಡುವ ತೊಟ್ಟಿಗಳೂ ಬೇರೆ ಬಗೆಯವು. ವೈನ್ ಎಂದೊಡನೆ ಕಣ್ಣ ಮುಂದೆ ಬರುವ ಓಕ್ ಪೀಪಾಯಿಗಳ ಸಾಲು ಇಲ್ಲಿ ಅಷ್ಟಾಗಿ ಕಾಣದು. ಹಲವು ಮನೆತನಗಳಲ್ಲಿ ನೆಲದಡಿ ಕಾಂಕ್ರೀಟಿನ ತೊಟ್ಟಿಗಳಿವೆ. ಒಳಮೈಗೆ ಗಾಜಿನ ಹಾಸು ಹಾಕಿದ್ದೂ ಉಂಟು. ಮೇಲೆ ನಡೆದಾಡುವವರಿಗೆ ಕಾಣುವುದು ನೆಲದ ಮಟ್ಟದ ಮುಚ್ಚಳ ಮಾತ್ರ. ಮಣ್ಣಿನೊಳಗೆ ತಂಪು ಬದಲಾಗುವುದಿಲ್ಲ, ಮರದ ವಾಸನೆ ಸೇರುವುದಿಲ್ಲ. ಹೊಸ ಓಕ್ ಪೀಪಾಯಿಗಳ ಖರ್ಚೂ ಇಲ್ಲ, ಬೆಲೆ ಇಳಿಯಲು ಅದೂ ಒಂದು ಕಾರಣ.

ಬೆಲೆ ಏಕೆ ಕಡಿಮೆ?

ಫ್ರಾನ್ಸಿನ ಬಿಳಿ ವೈನ್‌ಗಳಲ್ಲಿ ಶಾಬ್ಲಿ, ಸಾನ್ಸೇರ್‌ನಂಥವು ಈಗ ಸಾಮಾನ್ಯರ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಮಸ್ಕಡೇ ಮಾತ್ರ ಅಲ್ಲಿನ ಅಂಗಡಿಗಳಲ್ಲಿ ಇನ್ನೂ ಹತ್ತು ಯೂರೋ ಒಳಗೇ ಸಿಗುತ್ತದೆ. ಗುಣ ಕಡಿಮೆ ಎಂಬುದೊಂದೇ ಉತ್ತರವಾದರೆ ಅದು ಪೂರ್ತಿ ನಿಜವಲ್ಲ.

1970–80ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಮಸ್ಕಡೇಗೆ ಭಾರಿ ಬೇಡಿಕೆ ಇತ್ತು. ಬೇಡಿಕೆ ಬಂದಾಗ ತೋಟಗಳು ಹಬ್ಬಿದವು, ಇಳುವರಿಯ ಹಿಂದೆ ಬಿದ್ದವರೂ ಹೆಚ್ಚಿದರು, ನೀರು ನೀರಾದ, ಹಲ್ಲು ಚುಳ್ ಎನ್ನಿಸುವ ಬಾಟಲಿಗಳು ಬೇಕಾದಷ್ಟು ಬಂದವು. 1991ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋಯಿತು, ಬೆಳೆ ನೆಲಕಚ್ಚಿತು. ಅಷ್ಟರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಹಣ್ಣಿನ ಪರಿಮಳ ಢಾಳಾದ ಬಿಳಿ ವೈನ್‌ಗಳು ಬರತೊಡಗಿದ್ದವು. ದೂರ ಹೋದ ಗಿರಾಕಿಗಳು ಮರಳಲಿಲ್ಲ, ತೋಟಗಳ ವಿಸ್ತೀರ್ಣವೂ ಇಳಿಯುತ್ತ ಬಂತು. ಉಳಿದ ಬೆಳೆಗಾರರಲ್ಲಿ ಒಳ್ಳೆಯವರು ಇಳುವರಿ ತಗ್ಗಿಸಿ, ಗುಣಕ್ಕೆ ಗಮನ ಕೊಟ್ಟರು. ಹೆಸರಿಗೆ ಅಂಟಿದ ‘ಅಗ್ಗದ ವೈನ್’ ಎಂಬ ಹಣೆಪಟ್ಟಿ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಕೊಳ್ಳುವವರಿಗೆ ಅದು ಲಾಭವೇ.

ಲೇಬಲ್ ಓದುವಾಗ

ಫ್ರಾನ್ಸಿನಲ್ಲಿ ಯಾವ ಊರಿನ ವೈನ್‌ಗೆ ಯಾವ ಹೆಸರು ಎಂಬುದನ್ನು ಕಾನೂನು ಹೇಳುತ್ತದೆ. ಈ ಪದ್ಧತಿಯ ಹೆಸರು ಎಒಸಿ. ಬಾಟಲಿಯ ಮೇಲೆ ಬರಿ ‘ಮಸ್ಕಡೇ’ ಎಂದಿದ್ದರೆ ಅದು ಇಡೀ ಸೀಮೆಗೆ ಸೇರಿದ ಸಾದಾ ಬಾಟಲಿ. ‘ಮಸ್ಕಡೇ ಸೆವ್ರ್ ಎ ಮೇನ್’ ಎಂದಿದ್ದರೆ ಸೆವ್ರ್, ಮೇನ್ ಎಂಬ ಎರಡು ಚಿಕ್ಕ ನದಿಗಳ ಹೆಸರು ಹೊತ್ತ ಮುಖ್ಯ ಪ್ರದೇಶದ್ದು. ಇದಕ್ಕೆ 1936ರಲ್ಲೇ ಮಾನ್ಯತೆ ಸಿಕ್ಕಿದೆ. ಹೊಸಬರು ‘ಸೆವ್ರ್ ಎ ಮೇನ್ ಸ್ಯುರ್ ಲೀ’ ಎಂಬುದನ್ನು ಹುಡುಕಿದರೆ ಸಾಕು. ಬರಿ ‘ಮಸ್ಕಡೇ’ಗಿಂತ ಒಂದೆರಡು ಯೂರೋ ಹೆಚ್ಚಾಗಬಹುದು, ಕೊಡಲು ಅಡ್ಡಿಯಿಲ್ಲ.

ಕ್ಲಿಸೋಂ, ಗೋರ್ಜ್, ಲ ಪಾಲೆ ಎಂಬ ಊರುಗಳ ಹೆಸರು ಕಂಡರೆ ಅದು ಇನ್ನೂ ಮೇಲಿನ ದರ್ಜೆ. 2011ರಲ್ಲಿ ಈ ಮೂರಕ್ಕೆ ಮೊದಲು ಪ್ರತ್ಯೇಕ ಮಾನ್ಯತೆ ಸಿಕ್ಕಿತು, ಆಮೇಲೆ ಇನ್ನಷ್ಟು ಊರುಗಳು ಸೇರಿದವು. ಇವು ಗಸಿಯ ಮೇಲೆ ಒಂದೂವರೆ, ಎರಡು ವರ್ಷ ಕಳೆಯುತ್ತವೆ. ತಮಾಷೆಯೆಂದರೆ ಇವುಗಳ ಮೇಲೆ ‘ಸ್ಯುರ್ ಲೀ’ ಎಂದು ಇರುವುದಿಲ್ಲ. ಆ ಮಾತು ಬಳಸಲು ಬಾಟಲಿಗೆ ತುಂಬುವ ಗಡುವೊಂದಿದೆ, ಅದು ದಾಟಿಹೋಗಿರುತ್ತದೆ. ಎಲ್ಲರಿಗಿಂತ ಹೆಚ್ಚು ಕಾಲ ಗಸಿಯ ಮೇಲೆ ಕೂತವರಿಗೇ ಹಾಗೆಂದು ಹೇಳಿಕೊಳ್ಳಲು ಪರವಾನಗಿ ಇಲ್ಲ!

ಆಲ್ಕೋಹಾಲ್ ಶೇ 12ರ ಆಸುಪಾಸು ಇರುತ್ತದೆ. 150 ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ ಸುಮಾರು 18 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ಶೇ 5ರ 330 ಮಿಲಿಲೀಟರ್ ಬಿಯರ್‌ಗಿಂತ ತುಸು ಹೆಚ್ಚೇ. ಹಗುರ ವೈನ್ ಎಂಬ ಮಾತು ಬಾಯಿಗೆ ಸಂಬಂಧಿಸಿದ್ದು, ತಲೆಗೆ ಸಂಬಂಧಿಸಿದ್ದಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ವೈನ್ ತಿಳಿಗೊಳಿಸಲು ಒಂದು ಬಗೆಯ ಜೇಡಿಮಣ್ಣು ಬಳಸುವವರಿದ್ದಾರೆ. ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಹಾಲಿನ ಕೇಸಿನ್, ಮೊಟ್ಟೆಯ ಬಿಳಿ ಬಳಸುವವರೂ ಇದ್ದಾರೆ. ಇದು ಮುಖ್ಯವೆನಿಸುವವರು ‘ವೀಗನ್’ ಗುರುತಿರುವ ಬಾಟಲಿ ನೋಡಿಕೊಳ್ಳುವುದು ಒಳ್ಳೆಯದು.

ಗ್ಲಾಸು ಕೈಗೆ ಬಂದ ಮೇಲೆ

ಮೊದಲ ವಿಷಯ ತಂಪು. ಫ್ರಿಜ್ಜಿನಿಂದ ತೆಗೆದ ಕೂಡಲೇ ವೈನ್ 4–5 ಡಿಗ್ರಿ ಇರುತ್ತದೆ. ಅಷ್ಟು ತಣ್ಣಗಿದ್ದರೆ ಮೊದಲೇ ಸಂಕೋಚದ ಈ ವೈನ್ ಬಾಯಿ ಬಿಡುವುದೇ ಇಲ್ಲ, ಹುಳಿ ಮಾತ್ರ ಮುಂದೆ ಬರುತ್ತದೆ. ಹೊರಗೆ ಕಾಲು ಗಂಟೆ ಇಟ್ಟು 8–10 ಡಿಗ್ರಿಗೆ ಬರಲು ಬಿಡಿ. ಕಾಂಡವಿರುವ ಗ್ಲಾಸಾದರೆ ಕಾಂಡ ಹಿಡಿಯಿರಿ. ಬಟ್ಟಲು ಹಿಡಿದರೆ ಕೈಬಿಸಿ ತಾಗುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮೂಗಿಗೂ ಜಾಗ ಬೇಕು.

ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಮಾಡಿ ನೋಡಿ. ಬಣ್ಣ ತೀರ ತಿಳಿ ಹಳದಿ, ಅಂಚಿನಲ್ಲಿ ಹಸಿರಿನ ಛಾಯೆ. ಗಾಜಿನ ಒಳಮೈಗೆ ಒಂದೊಂದು ಸಣ್ಣ ಗುಳ್ಳೆ ಅಂಟಿಕೊಂಡಿದ್ದರೆ ಗಾಬರಿ ಬೇಡ, ಅದು ಗಸಿಯ ಮೇಲಿದ್ದುದರ ಗುರುತು. ಬಾಟಲಿಯ ತಳದಲ್ಲೋ ಬಿರಡೆಯ ಕೆಳಗೋ ಕಲ್ಲುಸಕ್ಕರೆ ಪುಡಿಯಂತೆ ಹರಳು ಕಂಡರೆ ಅದು ಗಾಜಿನ ಚೂರಲ್ಲ, ತಂಪಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ. ಅದರಿಂದ ಅಪಾಯವಿಲ್ಲ. ಎಳೆಯ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅನುಮಾನಿಸಬೇಕು, ಗಾಳಿ ಸೇರಿ ಕೆಟ್ಟಿರಬಹುದು.

ಗ್ಲಾಸು ಅಲ್ಲಾಡಿಸದೆ ಒಮ್ಮೆ ಮೂಸಿ. ಆಮೇಲೆ ಮೇಜಿನ ಮೇಲೇ ಇಟ್ಟು ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ಮೂಸಿ. ನಿಂಬೆ, ಹಸಿರು ಸೇಬು, ಪಿಯರ್ ಹಣ್ಣು, ನೆನೆದ ಕಲ್ಲು, ಕಡಲ ಗಾಳಿ, ಹಿಟ್ಟಿನ ವಾಸನೆ: ಸಾಮಾನ್ಯವಾಗಿ ಕೇಳುವ ಮಾತುಗಳು ಇವು. ಇದರಲ್ಲಿ ಒಂದೇ ಸಿಕ್ಕಿತು, ಅಥವಾ ಏನೂ ಸಿಗಲಿಲ್ಲ ಎಂದರೆ ಮೂಗಿನ ತಪ್ಪಲ್ಲ. ಮೆಲೋನ್ ಜಾತಿಯೇ ಹೆಚ್ಚು ಪರಿಮಳವಿಲ್ಲದ್ದು. ಒದ್ದೆ ರಟ್ಟಿನ, ಮುಗ್ಗಲು ನೆಲಮಾಳಿಗೆಯ ವಾಸನೆ ಬಂದರೆ ಬಿರಡೆಯಿಂದ ಕೆಟ್ಟ ಬಾಟಲಿ. ಹೋಟೆಲಾದರೆ ವಾಪಸು ಕಳಿಸಲು ಸಂಕೋಚ ಬೇಡ.

ಈಗ ಬಾಯಿ. ಒಂದು ಗುಟುಕು ತೆಗೆದುಕೊಂಡು ತಕ್ಷಣ ನುಂಗದೆ ಬಾಯಿಯೆಲ್ಲ ಓಡಾಡಿಸಿ. ಮೊದಲ ಕ್ಷಣ ನಾಲಿಗೆಯ ತುದಿಗೆ ಸಣ್ಣ ಚುರುಕು ತಾಗುತ್ತದೆ, ಗುಳ್ಳೆಗಳ ಕೆಲಸ ಅದು. ಹಿಂದೆಯೇ ಹುಳಿ ಬರುತ್ತದೆ. ನುಂಗಿದ ಮೇಲೆ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ, ತುಟಿ ಅರೆ ತೆರೆದು ಸುಮ್ಮನಿರಿ: ಕಿವಿಯ ಕೆಳಗೆ, ದವಡೆ ಕೂಡುವ ಜಾಗದಿಂದ ಜೊಲ್ಲು ಒಸರತೊಡಗುತ್ತದೆ. ಎಷ್ಟು ರಭಸವಾಗಿ, ಎಷ್ಟು ಹೊತ್ತು ಒಸರುತ್ತದೋ ಅಷ್ಟು ಹುಳಿ ಎಂದು ಲೆಕ್ಕ. ವೈನ್ ಕಲಿಸುವವರು ಹುಳಿ ಅಳೆಯಲು ಇದನ್ನೇ ಹೇಳಿಕೊಡುತ್ತಾರೆ.

ಎರಡನೇ ಗುಟುಕಿನಲ್ಲಿ ಗಮನವನ್ನು ನಾಲಿಗೆಯ ನಡುವಿಗೆ ತನ್ನಿ. ಹುಳಿಯ ಮೊದಲ ಪೆಟ್ಟು ಇಳಿದ ಮೇಲೆ ಅಲ್ಲಿ ಏನಾದರೂ ಉಳಿದಿದೆಯೇ, ಅಥವಾ ಬರೀ ನೀರೇ? ಗಸಿಯ ಮೇಲೆ ಚೆನ್ನಾಗಿ ಕೂತ ವೈನ್ ಇಲ್ಲಿ ನುಣುಪಾಗಿ, ಸ್ವಲ್ಪ ದುಂಡಗೆ ಅನ್ನಿಸುತ್ತದೆ. ಸಾದಾ ಬಾಟಲಿಗೂ ಒಳ್ಳೆಯ ಬಾಟಲಿಗೂ ವ್ಯತ್ಯಾಸ ಗೊತ್ತಾಗುವುದು ಹೆಚ್ಚಾಗಿ ಈ ನಡುಭಾಗದಲ್ಲೇ, ಮೊದಲ ಹುಳಿಯಲ್ಲಲ್ಲ.

ಕೊನೆಗೆ, ನುಂಗಿದ ಮೇಲೆ ಉಳಿಯುವ ರುಚಿ. ನಿಂಬೆ ಸಿಪ್ಪೆಯ ಕಹಿಯ ಎಳೆಯೊಂದು, ಅದರ ಜೊತೆ ಉಪ್ಪು ಸವರಿದಂತೆ ಏನೋ ಇರುತ್ತದೆ. ಈ ಉಪ್ಪುಗುಣದ ಬಗ್ಗೆ ಕತೆಗಳು ಬಹಳ. ಸೆವ್ರ್ ಎ ಮೇನ್ ನೆಲದಡಿ ಗ್ರಾನೈಟ್, ನೈಸ್, ಗ್ಯಾಬ್ರೊ ಶಿಲೆಗಳಿವೆ ಎಂಬುದು ನಿಜ. ಆ ಕಲ್ಲಿನ ರುಚಿ ಬೇರಿನ ಮೂಲಕ ಏರಿ ನೇರವಾಗಿ ಗ್ಲಾಸಿಗೆ ಬರುತ್ತದೆ ಎನ್ನುವುದಕ್ಕೆ ಮಾತ್ರ ವಿಜ್ಞಾನದ ಆಧಾರವಿಲ್ಲ. ಮಣ್ಣು ನೀರು ಹಿಡಿದಿಡುವ, ಬಸಿಯುವ ಬಗೆ ಬಳ್ಳಿಯ ಬೆಳವಣಿಗೆಯನ್ನೂ ಹಣ್ಣು ಮಾಗುವುದನ್ನೂ ಬದಲಿಸುತ್ತದೆ, ಅಷ್ಟು ಖಚಿತ. ಪರಿಮಳ ಕಡಿಮೆ, ಹುಳಿ ಹೆಚ್ಚು, ಸಿಹಿ ಇಲ್ಲ ಎಂಬ ಜೋಡಣೆಯಲ್ಲಿ ನಾಲಿಗೆ ಇಂಥ ಸಣ್ಣ ರುಚಿಗಳನ್ನು ಸುಲಭವಾಗಿ ಗುರುತಿಸುತ್ತದೆ.

ಸಾಧ್ಯವಾದರೆ ಕೊನೆಯ ಗ್ಲಾಸನ್ನು ಅರ್ಧ ಗಂಟೆ ಹಾಗೇ ಇಟ್ಟು ಮತ್ತೆ ಕುಡಿಯಿರಿ. ತಂಪು ಇಳಿದಂತೆ ಮೊದಲು ಮುಚ್ಚಿಕೊಂಡಿದ್ದ ಪಿಯರ್, ಹಿಟ್ಟಿನ ವಾಸನೆಗಳು ಹೊರಬರುತ್ತವೆ.

ಜೊತೆಗೆ ಏನು ತಿನ್ನುವುದು?

ನಾಂತ್ ಕಡೆ ಇದನ್ನು ಕುಡಿಯುವುದು ಕಡಲ ಚಿಪ್ಪುಗಳ ಜೊತೆ, ಅದರಲ್ಲೂ ಹಸಿ ಆಯ್ಸ್ಟರ್ ಜೊತೆ. ಮೀನಿನ ಹಸಿ ವಾಸನೆಗೆ ಕಾರಣವಾದ ಅಮೈನ್‌ಗಳು ಕ್ಷಾರ ಗುಣದವು. ಹುಳಿ ಬಿದ್ದರೆ ಅವು ಆವಿಯಾಗಿ ಮೂಗಿಗೆ ಏರುವುದಿಲ್ಲ. ಮಂಗಳೂರಿನಲ್ಲಿ ಹುರಿದ ಮೀನಿಗೆ ನಿಂಬೆ ಹಿಂಡುವುದರ ಹಿಂದಿನ ರಸಾಯನವೂ ಇದೇ. ಮೀನು ತಿನ್ನದವರಿಗೆ ಲ್ವಾರ್ ಕಣಿವೆಯದೇ ಆಡಿನ ಹಾಲಿನ ಚೀಸ್ ಇದೆ. ಎಣ್ಣೆಯಲ್ಲಿ ಕರಿದದ್ದಕ್ಕೂ ಹುಳಿ ಹೊಂದುತ್ತದೆ, ನಾಲಿಗೆಯ ಮೇಲಿನ ಜಿಡ್ಡನ್ನು ಕತ್ತರಿಸುತ್ತದೆ. ಖಾರ ಜೋರಿದ್ದರೆ ಮಾತ್ರ ಈ ವೈನ್‌ನ ಸಣ್ಣ ರುಚಿಗಳೆಲ್ಲ ಮುಳುಗಿಹೋಗುತ್ತವೆ.

ಇಲ್ಲಿ ಸಿಗುತ್ತದೆಯೇ?

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಹುಡುಕಬಹುದು, ಆದರೆ ‘ಅಗ್ಗ’ ಎಂಬ ಮಾತನ್ನು ಮರೆಯಬೇಕಾಗುತ್ತದೆ. ವಿದೇಶಿ ವೈನ್ ಮೇಲೆ ಭಾರತ ಬಹುಕಾಲ ವಿಧಿಸಿಕೊಂಡು ಬಂದ ಆಮದು ಸುಂಕ ಶೇ 150. ಅದರ ಮೇಲೆ ಸಾಗಣೆ, ರಾಜ್ಯದ ಅಬಕಾರಿ ತೆರಿಗೆ, ಮಾರಾಟಗಾರರ ಲಾಭ. ನಾಂತ್‌ನ ಆರು ಯೂರೋ ಬಾಟಲಿ ಇಲ್ಲಿಗೆ ಬರುವಷ್ಟರಲ್ಲಿ ಬೇರೆಯೇ ಅಂತಸ್ತಿನದಾಗಿರುತ್ತದೆ.

ಹತ್ತಿರದ ರುಚಿ ಬೇಕಿದ್ದರೆ ನಂದಿ ಬೆಟ್ಟದ ತಪ್ಪಲಿನ ಕಡೆ ನೋಡಬಹುದು. ಅಲ್ಲಿ ಬೆಳೆಯುವ ಶೆನಿನ್ ಬ್ಲಾಂ, ಸೋವಿನ್ಯೋ ಬ್ಲಾಂ ಎರಡೂ ಲ್ವಾರ್ ಕಣಿವೆಯಲ್ಲಿ ಹೆಸರು ಮಾಡಿದ ತಳಿಗಳು. ಫ್ರಾನ್ಸಿನ ಕುಯ್ಲು ಸೆಪ್ಟೆಂಬರ್ ಸುಮಾರಿಗಾದರೆ ಇಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ. ಬೆಟ್ಟದ ಸೀಮೆಯ ತಂಪು ರಾತ್ರಿಗಳು ಹುಳಿಯನ್ನು ಒಂದಷ್ಟು ಉಳಿಸಿಕೊಡುತ್ತವೆ. ಸೋವಿನ್ಯೋ ಬ್ಲಾಂ ಪರಿಮಳದಲ್ಲಿ ಮಸ್ಕಡೇಗಿಂತ ಬಹಳ ಢಾಳು, ಹುಳಿಯಲ್ಲಿ ಅದರ ಹತ್ತಿರಕ್ಕೆ ಬರುತ್ತದೆ. ಶೆನಿನ್ ಕೊಳ್ಳುವಾಗ ಲೇಬಲ್ ನೋಡಿಕೊಳ್ಳಿ. ಕೆಲವು ಬಾಟಲಿಗಳಲ್ಲಿ ಕೊಂಚ ಸಿಹಿ ಉಳಿಸಿರುತ್ತಾರೆ.

ತೆರೆದ ಬಾಟಲಿ ಮುಗಿಯದಿದ್ದರೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ತಾಳುತ್ತದೆ. ಆ ಮೇಲೆ ನಾಲಿಗೆಯ ಮೇಲಿನ ಚುರುಕು ಹೋಗಿರುತ್ತದೆ, ಅಡುಗೆಗೆ ಬಳಸಬಹುದು.